ಬ್ರಿಟನ್ನಿನಲ್ಲಿ ‘ಏನೂ ಆಗಲ್ಲ’ ಅಂತ ಯಾಕೆ ಹೇಳುವುದಿಲ್ಲ?

ಬ್ರಿಟನ್ನಿಗೆ ಹೊಸದಾಗಿ ಬಂದವರಿಗೆ ಇಲ್ಲಿನ ಅಧಿಕಾರಿಗಳ ಮಾತು ವಿಚಿತ್ರ ಅನ್ನಿಸುತ್ತದೆ. ‘ಅಪಾಯ ತುಂಬಾ ಕಡಿಮೆ’ ಅನ್ನುತ್ತಾರೆ. ‘ಅಪಾಯವೇ ಇಲ್ಲ’ ಅಂತ ಮಾತ್ರ ಬಾಯಿ ಬಿಡುವುದಿಲ್ಲ. ಇದರ ಹಿಂದೆ ಒಂದು ಹಳೆಯ ಪೆಟ್ಟು ಇದೆ.

1986ರಲ್ಲಿ ಇಲ್ಲಿನ ದನಗಳಲ್ಲಿ ಹುಚ್ಚು ಹಸು ರೋಗ ಪತ್ತೆಯಾಯಿತು. ಮಾಂಸ ತಿಂದರೆ ತೊಂದರೆಯಿಲ್ಲ ಎಂದು ಮಂತ್ರಿಗಳು ಹೇಳುತ್ತಲೇ ಬಂದರು. 1990ರಲ್ಲಿ ಕೃಷಿ ಮಂತ್ರಿ ಜಾನ್ ಗಮ್ಮರ್ ಕ್ಯಾಮೆರಾ ಮುಂದೆ ತಮ್ಮ ಪುಟ್ಟ ಮಗಳಿಗೆ ದನದ ಮಾಂಸದ ಬರ್ಗರ್ ಹಿಡಿದರು. 1996ರ ಮಾರ್ಚ್‌ನಲ್ಲಿ ಸರ್ಕಾರವೇ ಪಾರ್ಲಿಮೆಂಟಿನಲ್ಲಿ ನಿಂತು, ಮನುಷ್ಯರಿಗೆ ಬಂದ ಮಿದುಳಿನ ರೋಗಕ್ಕೆ ಇದೇ ಕಾರಣ ಇರಬಹುದು ಎಂದು ಒಪ್ಪಿಕೊಂಡಿತು. ಸರ್ಕಾರ ಸುಳ್ಳು ಹೇಳಲಿಲ್ಲ, ಆದರೆ ಸುಮ್ನೆ ಧೈರ್ಯ ತುಂಬಿದ್ದೇ ತಪ್ಪು ಎಂದಿತು ಆಮೇಲೆ ನಡೆದ ವಿಚಾರಣೆಯ ವರದಿ. ನನಗಂತೂ ಸುಳ್ಳಿಗಿಂತ ಇದೇ ಹೆಚ್ಚು ಭಯ ಹುಟ್ಟಿಸುತ್ತದೆ.

ರೈತರ ಹಿತ ನೋಡುವ ಇಲಾಖೆಯೇ ತಿನ್ನುವವರ ಹಿತವನ್ನೂ ನೋಡಿದರೆ ಹೇಗೆ, ಅಲ್ವಾ? ಹಾಗಾಗಿ 2000ದಲ್ಲಿ ಆಹಾರ ಸುರಕ್ಷತೆ ನೋಡಿಕೊಳ್ಳುವ ಫುಡ್ ಸ್ಟ್ಯಾಂಡರ್ಡ್ಸ್ ಏಜೆನ್ಸಿ ಬೇರೆಯಾಗಿ ಹುಟ್ಟಿತು. ಅದರ ಮಂಡಳಿಯ ಸಭೆಗಳನ್ನು ಯಾರು ಬೇಕಾದರೂ ನೋಡಬಹುದು.

ಹೋಟೆಲ್ ಬಾಗಿಲಲ್ಲಿ ಕಾಣುವ 0ಯಿಂದ 5ರವರೆಗಿನ ಹಸಿರು ಸ್ಟಿಕ್ಕರ್ ಇದೇ ಏಜೆನ್ಸಿಯ ಯೋಜನೆ. ಅದು ರುಚಿಗೆ ಕೊಟ್ಟ ಅಂಕವಲ್ಲ. ಕೌನ್ಸಿಲ್‌ನವರು, ಅಂದರೆ ಸ್ಥಳೀಯ ಆಡಳಿತದವರು, ಅಡುಗೆಮನೆಯ ಶುಚಿತ್ವ ನೋಡಿ ಕೊಟ್ಟದ್ದು. ವೇಲ್ಸ್ ಮತ್ತು ಉತ್ತರ ಐರ್ಲೆಂಡಿನಲ್ಲಿ ಅಂಟಿಸಲೇಬೇಕು, ಇಂಗ್ಲೆಂಡಿನಲ್ಲಿ ಕಡ್ಡಾಯವಿಲ್ಲ. ಕಡಿಮೆ ಅಂಕ ಬಂದವರು ಯಾಕೆ ಅಂಟಿಸುತ್ತಾರೆ ಹೇಳಿ! ಸ್ಟಿಕ್ಕರ್ ಕಾಣದಿದ್ದರೆ ಏಜೆನ್ಸಿಯ ವೆಬ್‌ಸೈಟಿನಲ್ಲಿ ಹೆಸರು ಹುಡುಕಿ. ಸ್ಕಾಟ್ಲೆಂಡಿನ ಪದ್ಧತಿ ಬೇರೆ.

ಮನೆಯಲ್ಲೇ ಅಡುಗೆ ಮಾಡಿ ಮಾರುವ ಯೋಚನೆ ಇದ್ದರೆ, ಶುರು ಮಾಡುವ 28 ದಿನ ಮೊದಲೇ ಕೌನ್ಸಿಲ್‌ನಲ್ಲಿ ನೋಂದಾಯಿಸಿ. ದುಡ್ಡು ಕೊಡಬೇಕಿಲ್ಲ. ಗಿರಾಕಿಗೆ ಹೇಳಲೇಬೇಕಾದ 14 ಅಲರ್ಜಿ ಪದಾರ್ಥಗಳಲ್ಲಿ ಸಾಸಿವೆ, ಎಳ್ಳು ಎರಡೂ ಇವೆ. ಇಂಗಿನ ಡಬ್ಬಿಯನ್ನೂ ಓದಿ ನೋಡಿ, ಬಹಳ ಸಲ ಗೋಧಿ ಹಿಟ್ಟು ಬೆರೆಸಿರುತ್ತಾರೆ.

ಔಷಧಿಯ ಕಥೆಯೂ ಹೀಗೇ. ಗರ್ಭಿಣಿಯರು ನುಂಗಿದ ಥಾಲಿಡೊಮೈಡ್ ಮಾತ್ರೆಯಿಂದ ಮಕ್ಕಳು ಅಂಗ ಊನವಾಗಿ ಹುಟ್ಟಿದ ಮೇಲೆ, 1964ರಲ್ಲಿ ಔಷಧಿಯ ಅಡ್ಡಪರಿಣಾಮ ಸರ್ಕಾರಕ್ಕೆ ತಿಳಿಸುವ ‘ಯೆಲ್ಲೋ ಕಾರ್ಡ್’ ಯೋಜನೆ ಬಂತು. ಔಷಧಿ ತೆಗೆದುಕೊಂಡು ಏನಾದರೂ ಎಡವಟ್ಟಾದರೆ ಡಾಕ್ಟರೇ ಬರೆಯಬೇಕೆಂದಿಲ್ಲ, ನೀವೇ ಆನ್‌ಲೈನಿನಲ್ಲಿ ತಿಳಿಸಬಹುದು. ಗಿಡಮೂಲಿಕೆ ಔಷಧಿಯದ್ದೂ ನಡೆಯುತ್ತದೆ. ಔಷಧಿಯಿಂದಲೇ ಆಯಿತು ಎನ್ನುವ ಖಾತ್ರಿ ಬೇಕಿಲ್ಲ. ಅನುಮಾನ ಇದ್ದರೆ ಸಾಕು.