ದಾಸ್ತಾನು ಮುಗಿಯುವ ಮುನ್ನ: ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಔಷಧ ಕೊರತೆಯ ವರದಿ ಮತ್ತು ನಿರ್ವಹಣೆ

ಮಾತ್ರೆ ಪೂರ್ತಿ ಖಾಲಿಯಾದ ದಿನ ಬರೆಯುವ ವರದಿಯಿಂದ ಆ ತಿಂಗಳ ರೋಗಿಗಳಿಗೆ ಪ್ರಯೋಜನವಿಲ್ಲ. ಆದ್ದರಿಂದ ದಾಸ್ತಾನನ್ನು ಮಾತ್ರೆಗಳ ಲೆಕ್ಕದಲ್ಲಿ ನೋಡದೆ ದಿನಗಳ ಲೆಕ್ಕದಲ್ಲಿ ನೋಡಬೇಕು. ಕಪಾಟಿನಲ್ಲಿ ಸಕ್ಕರೆ ಕಾಯಿಲೆಯ 2,000 ಮೆಟ್‌ಫಾರ್ಮಿನ್ ಮಾತ್ರೆಗಳಿದ್ದರೆ ಧಾರಾಳವಾಗಿದೆ ಎನ್ನಿಸುತ್ತದೆ. ದಿನಕ್ಕೆ 100 ಖರ್ಚಾಗುತ್ತಿದ್ದರೆ ಅದು 20 ದಿನದ ಮಾತು. ಇಂಡೆಂಟ್ (ಔಷಧದ ಬೇಡಿಕೆ ಪತ್ರ) ಸಲ್ಲಿಸಿದ ಮೇಲೆ ಜಿಲ್ಲಾ ಔಷಧ ಉಗ್ರಾಣದಿಂದ ಸರಕು ಕೈಸೇರಲು ನಿಮ್ಮಲ್ಲಿ ಎಷ್ಟು ದಿನ ಹಿಡಿಯುತ್ತದೆಯೋ ಅದಕ್ಕೆ ಒಂದು ವಾರ ಕೂಡಿಸಿಕೊಳ್ಳಿ. ಉಳಿದ ದಿನಗಳು ಅದಕ್ಕಿಂತ ಕಡಿಮೆಯಾದ ದಿನವೇ ವರದಿ ಹೊರಡಬೇಕು.

ಇಲ್ಲಿ ಹೆಚ್ಚಿನವರು ಎಡವುವುದು ಸರಾಸರಿ ಬಳಕೆಯ ಲೆಕ್ಕದಲ್ಲಿ. ಕಳೆದ ತಿಂಗಳು 1,800 ಮಾತ್ರೆ ಖರ್ಚಾಗಿದೆ ಎಂದು ಸ್ಟಾಕ್ ಬುಕ್ ಹೇಳುತ್ತದೆ, ಆದರೆ 12 ದಿನ ಮಾತ್ರೆಯೇ ಇರಲಿಲ್ಲ. 1,800ನ್ನು 18 ದಿನಗಳಿಂದ ಭಾಗಿಸಿ 30ರಿಂದ ಗುಣಿಸಿದರೆ ನಿಜವಾದ ಬೇಡಿಕೆ 3,000 ಎಂದು ತಿಳಿಯುತ್ತದೆ. ಹೀಗೆ ಸರಿಪಡಿಸದೆ 1,800ಕ್ಕೇ ಇಂಡೆಂಟ್ ಹಾಕಿದರೆ ಈ ತಿಂಗಳ ಕೊರತೆ ಮುಂದಿನ ತಿಂಗಳಿಗೂ ಅಂಟಿಕೊಳ್ಳುತ್ತದೆ, ದಾಸ್ತಾನಿನ ಲೆಕ್ಕವಿಡುವ ತಂತ್ರಾಂಶದಲ್ಲಿ ಮಾತ್ರ ಎಲ್ಲವೂ ಸರಿಯಾಗಿ ಕಾಣಿಸುತ್ತದೆ.

ವರದಿಯನ್ನು ವೈದ್ಯಾಧಿಕಾರಿಗಳ ಸಹಿಯೊಂದಿಗೆ ಉಗ್ರಾಣಕ್ಕೆ ಕಳುಹಿಸಿ, ತಾಲ್ಲೂಕು ಆರೋಗ್ಯಾಧಿಕಾರಿಗಳಿಗೆ ಪ್ರತಿ ಸಲ್ಲಿಸಬೇಕು. ಔಷಧದ ಹೆಸರು ಮತ್ತು ಸಾಮರ್ಥ್ಯ, ಈಗಿರುವ ದಾಸ್ತಾನು, ಅದು ಮುಗಿಯುವ ದಿನಾಂಕ, ಹಿಂದಿನ ಇಂಡೆಂಟ್ ಸಂಖ್ಯೆ, ಅದನ್ನೇ ನಂಬಿರುವ ರೋಗಿಗಳ ಸಂಖ್ಯೆ ಇಷ್ಟಿದ್ದರೆ ಸಾಕು. ‘ತೀವ್ರ ಕೊರತೆ ಇದೆ’ ಎಂಬ ಸಾಲಿಗಿಂತ ‘14ನೇ ತಾರೀಖಿನ ನಂತರ 62 ರೋಗಿಗಳಿಗೆ ಮಾತ್ರೆ ಇರುವುದಿಲ್ಲ’ ಎಂಬ ಸಾಲಿಗೆ ಬೇಗ ಉತ್ತರ ಬರುತ್ತದೆ. ಫೋನಿನಲ್ಲಿ ಹೇಳುವುದು ತಪ್ಪಲ್ಲ, ಆದರೆ ಫೋನಿಗೆ ಸ್ವೀಕೃತಿ ಇಲ್ಲ.

ಉತ್ತರಕ್ಕೆ ಕಾಯುತ್ತಿರುವಾಗ ಮೊದಲು ಅಕ್ಕಪಕ್ಕದ ಕೇಂದ್ರಗಳ ದಾಸ್ತಾನನ್ನು ವಿಚಾರಿಸಿ, ಎರಡೂ ಕಡೆ ನಮೂದು ಮಾಡಿಕೊಂಡು ವರ್ಗಾಯಿಸಿಕೊಳ್ಳಬೇಕು. ಅದೂ ಆಗದಿದ್ದರೆ ಆರೋಗ್ಯ ರಕ್ಷಾ ಸಮಿತಿಯ ಅನುದಾನದಲ್ಲಿ, ನಿಯಮಗಳಿಗೆ ಒಳಪಟ್ಟು, ಸ್ಥಳೀಯ ಖರೀದಿಗೆ ವೈದ್ಯಾಧಿಕಾರಿಗಳ ಅನುಮೋದನೆ ಕೇಳಬಹುದು. 2024ರಲ್ಲಿ ಕ್ಷಯದ ಔಷಧಗಳು ದೇಶದ ಹಲವೆಡೆ ಸಿಗದಿದ್ದಾಗ ಕೇಂದ್ರ ಸರ್ಕಾರವೇ ರಾಜ್ಯಗಳಿಗೆ ಮೂರು ತಿಂಗಳ ಮಟ್ಟಿಗೆ ಸ್ಥಳೀಯ ಖರೀದಿಗೆ ಅವಕಾಶ ನೀಡಿತ್ತು.

ಇರುವುದನ್ನು ಹಂಚುವಾಗ ಎಲ್ಲ ಔಷಧಗಳಿಗೂ ಒಂದೇ ಅಳತೆ ಸಲ್ಲದು. ರಕ್ತದೊತ್ತಡದ ಮಾತ್ರೆಗಳನ್ನು 30 ದಿನದ ಬದಲು 15 ದಿನಕ್ಕೆ ಕೊಟ್ಟು ಮತ್ತೆ ಬರಲು ಹೇಳಬಹುದು. ದೂರದ ಹಾಡಿಯಿಂದ ನಡೆದು ಬರುವ ಅಜ್ಜಿಗೆ ಮಾತ್ರ ತಿಂಗಳಿನದನ್ನೇ ಕೊಡುವುದು ನ್ಯಾಯ ಎಂಬುದು ನನ್ನ ಅಭಿಪ್ರಾಯ. ಕ್ಷಯ ಮತ್ತು ಮೂರ್ಛೆರೋಗದ ಚಿಕಿತ್ಸೆ ಒಂದು ದಿನವೂ ತಪ್ಪಬಾರದು. ಬದಲಿ ಔಷಧವನ್ನು ವೈದ್ಯರೇ ಬರೆಯಬೇಕು. ನಿಧಾನವಾಗಿ ಕರಗುವ ಮಾತ್ರೆಗಳನ್ನು ಪುಡಿ ಮಾಡಿ ಕೊಡಕೂಡದು. ನಾಯಿ ಕಡಿತದ ಲಸಿಕೆಯನ್ನು ಚರ್ಮದೊಳಗೆ ಕೊಡುವ ಕ್ರಮದಲ್ಲಿ ಪ್ರತಿ ಭೇಟಿಗೆ ಎರಡು ಕಡೆ ಸೇರಿ 0.2 ಮಿ.ಲೀ. ಸಾಕಾಗುವುದರಿಂದ ಒಂದು ವಯಲ್‌ನಲ್ಲಿ ಹಲವರಿಗೆ ಕೊಡಬಹುದು, ಆದರೆ ಜನ ಸೇರಲಿ ಎಂದು ಯಾರ ಮೊದಲ ಡೋಸನ್ನೂ ಮುಂದೂಡಬಾರದು.

ಗುಣಮಟ್ಟದ ಕಾರಣಕ್ಕೆ ಸರಬರಾಜು ನಿಲ್ಲುವುದು ಇನ್ನೊಂದು ಬಗೆ. 2024ರ ನವೆಂಬರ್‌ನಲ್ಲಿ ಬಳ್ಳಾರಿಯಲ್ಲಿ ಬಾಣಂತಿಯರ ಸಾವಿನ ನಂತರ ರಕ್ತನಾಳದ ಮೂಲಕ ಡ್ರಿಪ್ ಆಗಿ ಕೊಡುವ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಬಳಕೆಗೆ ತಡೆ ಬಿದ್ದಿತು. ಇಂಥ ಆದೇಶ ಬಂದಾಗ ವಾರ್ಡು, ಹೆರಿಗೆ ಕೋಣೆ, ಆಂಬ್ಯುಲೆನ್ಸ್ ಎಲ್ಲ ಕಡೆಯಿಂದಲೂ ಆ ಬ್ಯಾಚಿನ ಬಾಟಲಿಗಳನ್ನು ಹಿಂಪಡೆದು, ಎಣಿಸಿ, ‘ಬಳಸಬಾರದು’ ಎಂಬ ಚೀಟಿ ಅಂಟಿಸಿ, ಬೀಗವಿರುವ ಕಪಾಟಿನಲ್ಲಿಡಬೇಕು. ಎಸೆಯಬಾರದು, ಅವು ಪರೀಕ್ಷೆಗೆ ಬೇಕಾಗುತ್ತವೆ.

ಸರಕು ಬಂದ ದಿನ ಬ್ಯಾಚ್ ಸಂಖ್ಯೆ ಮತ್ತು ಅವಧಿ ಮುಗಿಯುವ ದಿನಾಂಕವನ್ನು ನಮೂದಿಸಿ, ಕೊರತೆ ನೀಗಿದೆ ಎಂದು ಬರೆದು ತಿಳಿಸಿರಿ. ಬರಿಗೈಯಲ್ಲಿ ಹಿಂತಿರುಗಿದವರ ಪಟ್ಟಿಯನ್ನು ಆಶಾ ಕಾರ್ಯಕರ್ತೆಯರಿಗೆ ಕೊಟ್ಟು ಅವರನ್ನು ಮರಳಿ ಕರೆಸಿರಿ.