ಮೇಲ್ಮನವಿಗೆ ಊರಿನ ದುಡ್ಡು: ಹಾಜರಿ ಭತ್ಯೆ ಬಿಟ್ಟು ಕೂಲಿ ತುಂಬಿಕೊಟ್ಟೆವು

2020ರ ಸೆಪ್ಟೆಂಬರ್‌ನಲ್ಲಿ ವಿದೇಶಿ ದೇಣಿಗೆ ಕಾಯ್ದೆ ಬದಲಾದ ಮೇಲೆ ದೊಡ್ಡ ಸಂಸ್ಥೆಗಳು ಆ ಹಣವನ್ನು ಸಣ್ಣ ಸಂಘಗಳಿಗೆ ದಾಟಿಸುವಂತಿಲ್ಲ. ಉತ್ತರ ಕನ್ನಡದಲ್ಲಿ ಅರಣ್ಯ ಹಕ್ಕಿನ ಅರ್ಜಿಗಳ ಹಿಂದೆ ಓಡಾಡುತ್ತಿದ್ದ ನಮಗೆ ಬರುತ್ತಿದ್ದುದು ಅಲ್ಲಿಗೆ ನಿಂತಿತು. ಊರಿನ ದುಡ್ಡಲ್ಲೇ ನಡೆಸೋಣ ಅಂದಾಗ, ‘ಕೂಲಿಯವರ ಹತ್ತಿರ ಚಂದಾ ಎತ್ತುತ್ತೀರಾ?’ ಎಂದು ಜೊತೆಯವರೇ ತಡೆದರು. ಆದರೂ ಊರಿನ ನಿಧಿ ಕಟ್ಟಿದೆವು. ತಿರಸ್ಕೃತವಾದ ಅರ್ಜಿಗಳ ಪರ ಆ ನಿಧಿಯಿಂದ ಮೂರು ವರ್ಷದಲ್ಲಿ ಸುಮಾರು 150 ಮೇಲ್ಮನವಿ ಹೋಗಿವೆ.

ಆ ಮೂರು ವರ್ಷಕ್ಕೂ ಮೊದಲಿನ ವರ್ಷ ಪೂರ್ತಿ ಎಡವಿದೆವು. ಒಬ್ಬ ಕಾರ್ಯಕರ್ತರಿಗೆ ತಿಂಗಳಿಗೆ 9 ಸಾವಿರ ಸಂಬಳ ಇಟ್ಟು ಆರೇ ತಿಂಗಳಲ್ಲಿ ಐವತ್ತು ಚಿಲ್ಲರೆ ಸಾವಿರ ಕರಗಿಸಿದೆವು. ಹೋದ ಮೇಲ್ಮನವಿ ಹನ್ನೊಂದೋ ಹನ್ನೆರಡೋ. ಗ್ರಾಮಸಭೆಗೆ ಬಂದವರಿಗೆ ತಲಾ 100 ಕೊಟ್ಟದ್ದು ಇನ್ನೂ ಕೆಟ್ಟಿತು. ಎರಡು ಸಲ ಕೋರಂ ಸಲೀಸಾಗಿ ತುಂಬಿತು. ಮೂರನೇ ಸಲ ದುಡ್ಡಿಲ್ಲ ಅಂದಕೂಡಲೇ ಅರ್ಧದಷ್ಟು ಜನರೂ ಇಲ್ಲ, ಸಭೆ ಮುಂದೆ ಹೋಯಿತು.

ಆಮೇಲೆ ಗೆರೆ ಎಳೆದೆವು: ತಪ್ಪಿದ ಕೂಲಿಗೆ ಮಾತ್ರ ಹಣ. ಅರಣ್ಯ ಹಕ್ಕಿನ ಅರ್ಜಿ ಪರಿಶೀಲಿಸುವ ಉಪವಿಭಾಗ ಸಮಿತಿಯ ವಿಚಾರಣೆಗೆ ಹೋದ ದಿನ ಅರ್ಜಿದಾರರಿಗೂ ಸಾಕ್ಷಿ ಹೇಳುವ ಹಿರಿಯರಿಗೂ ಆ ದಿನದ ಕೂಲಿ, ಬಸ್ ಚಾರ್ಜು, ಊಟ. ತಲೆಗೆ 500-600 ಬಿತ್ತು. ಬ್ಯಾನರ್, ಶಾಲು, ತರಬೇತಿಗೆ ಒಂದು ಪೈಸೆ ಇಲ್ಲ. ಇತರ ಅರಣ್ಯವಾಸಿಗಳ, ಅಂದರೆ ಪರಿಶಿಷ್ಟ ಪಂಗಡಕ್ಕೆ ಸೇರದವರ, ಅರ್ಜಿ ಬಿದ್ದುಹೋಗುವುದೇ 75 ವರ್ಷದಿಂದ ಅಲ್ಲೇ ಇದ್ದೆವೆಂಬ ಪುರಾವೆಯಲ್ಲಿ. ಕಾಗದ ಹುಡುಕಲು ಸುರಿದ ದುಡ್ಡಿಗಿಂತ, ಹಿರಿಯರನ್ನು ಸ್ಥಳಕ್ಕೆ ಕರೆದೊಯ್ದು ಹಳೆ ಬಾವಿ, ಸ್ಮಶಾನ, ಚೌಡಿಕಲ್ಲು ತೋರಿಸಿ ಹೇಳಿಕೆ ಬರೆಸಿದ್ದೇ ಹೆಚ್ಚು ಕೆಲಸ ಮಾಡಿತು. ತಿರಸ್ಕಾರದ ಆದೇಶ ಖುದ್ದು ಕೈಗೆ ಬಂದ ದಿನದಿಂದ ಮೇಲ್ಮನವಿಗೆ 60 ದಿನ ಎಣಿಸಿ. ಆ ತಾರೀಖನ್ನು ಆದೇಶದ ಹಿಂಬದಿಯಲ್ಲಿ ಬರೆಸಿ ಸಹಿ ಹಾಕಿಸಿಕೊಳ್ಳಿ.

ಜಮೆ ಹೀಗೆ: 140 ಮನೆ, ತಿಂಗಳಿಗೆ 30 ರೂಪಾಯಿ, ಆಗದವರು ಸುಗ್ಗಿಯಲ್ಲಿ ಭತ್ತ. ಕೈಗೆ ಬರುವುದು ಮೂರು ಸಾವಿರ ಚಿಲ್ಲರೆ. ಊರು ಎಷ್ಟು ಕೂಡಿಸುತ್ತದೋ ಅಷ್ಟನ್ನೇ ಬೆಂಗಳೂರಿನ ದಾನಿಗಳು ಹಾಕುತ್ತಾರೆ. ಊರಿನದು ಸೊನ್ನೆಯಾದರೆ ಅವರದೂ ಸೊನ್ನೆ. ಈ ಷರತ್ತು ನಾವೇ ಹಾಕಿದ್ದು, ದಾನಿಗಳು ಒಪ್ಪಿದ್ದೂ ಅದಕ್ಕೇ. ದೇಣಿಗೆಗೆ ಆದಾಯ ತೆರಿಗೆ ವಿನಾಯಿತಿ ಕೊಡಿಸುವ 80ಜಿ ರಸೀದಿ ಬೇಕೆನ್ನುವವರಿಂದ ಚೆಕ್ಕನ್ನೇ ಪಡೆಯಿರಿ, 2 ಸಾವಿರ ಮೀರಿದ ನಗದಿಗೆ ವಿನಾಯಿತಿ ಸಿಗದು.

ನಡುವೆ ಅರ್ಜಿ ಹಾಕಿದ ಜಾಗದ ಗಡಿಯನ್ನು ಫೋನಿನ ಜಿಪಿಎಸ್‌ನಲ್ಲಿ ಅಳೆದು ನೋಡಿದೆವು. ದಟ್ಟ ಕಾನಿನಡಿ ಗುರುತು ಹತ್ತಾರು ಅಡಿ ಜಾರುತ್ತದೆ. ಪ್ರತಿ ಮೂಲೆಯಲ್ಲೂ ಐದು ನಿಮಿಷ ನಿಂತು ಮೂರು ಸಲ ಗುರುತು ಹಾಕಿದರೆ ನಕ್ಷೆ ಪರವಾಗಿಲ್ಲ ಅನ್ನುವಷ್ಟಾಗುತ್ತದೆ.

ಲೆಕ್ಕದ ಪುಸ್ತಕ ಒಬ್ಬರ ಕೈಯಲ್ಲಿದ್ದಾಗ ಜಗಳ ತಪ್ಪಲಿಲ್ಲ. ಈಗ ಎರಡು ಪುಸ್ತಕ, ಎರಡು ಕೇರಿಯ ಇಬ್ಬರು ಹೆಂಗಸರ ಹತ್ತಿರ. ಅಮಾವಾಸ್ಯೆಯ ದಿನ ಎರಡನ್ನೂ ಗಟ್ಟಿಯಾಗಿ ಓದಿಸುತ್ತೇವೆ, ಮೊತ್ತ ಹೊಂದದಿದ್ದರೆ ಆ ತಿಂಗಳು ಹಣ ಹೊರಡುವುದಿಲ್ಲ.