ಮೀನುಮರಿಗೆ ಲಸಿಕೆ: ಸೂಜಿ ಹಿಡಿಯುವ ಮುನ್ನ, ಹಿಡಿದ ಮೇಲೆ

ಹೊಂಡದಲ್ಲಿ ಮೀನು ತೇಲಲು ಶುರುವಾದ ದಿನವೇ ಲಸಿಕೆ ಎಲ್ಲಿ ಸಿಗುತ್ತದೆ ಎಂದು ವಿಚಾರಿಸುವವರು ದಾವಣಗೆರೆ, ಚಿತ್ರದುರ್ಗದ ಕಡೆ ಬಹಳ. ಅಷ್ಟು ಹೊತ್ತಿಗೆ ಕಾಲ ಮಿಂಚಿರುತ್ತದೆ. ವೈರಸ್ ರೋಗಕ್ಕೆ ಆ್ಯಂಟಿಬಯೋಟಿಕ್ ನಾಟುವುದಿಲ್ಲ. ಸುರಿದರೆ ದುಡ್ಡೂ ಹಾಳು, ನೀರೂ ಹಾಳು. ಲಸಿಕೆ ಹಾಕಬೇಕಾದದ್ದು ಮೀನು ಆರೋಗ್ಯವಾಗಿರುವಾಗ, ಅದೂ ಮರಿಯಾಗಿರುವಾಗ.

ಮೊದಲು ರೋಗ ಯಾವುದೆಂದು ತಿಳಿಯಿರಿ. ಕಟ್ಲಾ, ರೋಹು, ಮೃಗಾಲ್ ಸತ್ತಾಗ ಮೀನಿನ ಹೇನು, ಬ್ಯಾಕ್ಟೀರಿಯಾ, ಶಿಲೀಂಧ್ರದಂಥ ಜೀವಿಯಿಂದ ಬರುವ ಹುಣ್ಣು ರೋಗ ಅಥವಾ ನಸುಕಿನ ಆಮ್ಲಜನಕದ ಕೊರತೆಯನ್ನು ಮೊದಲು ಶಂಕಿಸಬೇಕು. ಇವಕ್ಕೆ ವೈರಸ್ ಲಸಿಕೆಯಿಂದ ಪ್ರಯೋಜನವಿಲ್ಲ. ನಾವು ಜಿಲೇಬಿ ಎನ್ನುವ ತಿಲಾಪಿಯ ಸಾಕುವವರು ಮುಖ್ಯವಾಗಿ ವೈರಸ್ಸಿಗೆ ನಿಜವಾಗಿ ಹೆದರಬೇಕು. 2014ರಲ್ಲಿ ಇಸ್ರೇಲಿನಲ್ಲಿ ಗುರುತಿಸಿದ ತಿಲಾಪಿಯ ಲೇಕ್ ವೈರಸ್ ಆಮೇಲೆ ಭಾರತದಲ್ಲೂ ಪತ್ತೆಯಾಯಿತು. ಕಣ್ಣು ಮಂಜಾಗುವುದು, ಮೈ ಕೆಂಪಾಗುವುದು, ಮೇವು ಬಿಡುವುದು ಇದರ ಲಕ್ಷಣ. ಇಂಥ ಮೀನು ಕಂಡರೆ ಸತ್ತು ಕೊಳೆತದ್ದನ್ನಲ್ಲ, ಸಾಯುವ ಸ್ಥಿತಿಯಲ್ಲಿರುವುದನ್ನೇ ಪರೀಕ್ಷೆಗೆ ಕಳುಹಿಸಿ. ಮಾದರಿ ತೆಗೆಯುವ ಕ್ರಮವನ್ನು ದಾವಣಗೆರೆಯ ತರಳಬಾಳು ಕೃಷಿ ವಿಜ್ಞಾನ ಕೇಂದ್ರದಲ್ಲೋ, ಹಿರಿಯೂರಿನ ಬಬ್ಬೂರು ಫಾರಂನ ಕೇಂದ್ರದಲ್ಲೋ, ತಾಲ್ಲೂಕಿನ ಮೀನುಗಾರಿಕೆ ಇಲಾಖೆಯಲ್ಲೋ ಕೇಳಿಕೊಳ್ಳಿ.

ಕೊಳ್ಳುವಾಗ ಬಾಟಲಿಯ ಚೀಟಿ ಓದಿ. ಯಾವ ಮೀನಿಗೆ, ಯಾವ ವೈರಸ್ಸಿಗೆ, ಪರವಾನಗಿ ಸಂಖ್ಯೆ, ಬ್ಯಾಚ್, ಅವಧಿ ಇಷ್ಟೂ ಅದರಲ್ಲಿರಬೇಕು. ಚೆನ್ನೈನ ಸಿಬಾ (ಕೇಂದ್ರೀಯ ಚೌಳುನೀರು ಮೀನುಸಾಕಣೆ ಸಂಸ್ಥೆ) ರೂಪಿಸಿದ ನೋಡಾವೈರಸ್ ಲಸಿಕೆ ಸೀಬಾಸ್ ಮೀನಿನದು. ಅದು ಜಿಲೇಬಿಯನ್ನು ಕಾಯುವುದಿಲ್ಲ. ‘ಎಲ್ಲ ಮೀನಿಗೂ ಆಗುತ್ತದೆ’ ಎಂದು ಕೆರೆ ಏರಿಗೇ ಬಂದು ಮಾರುವವರಿಂದ ದಯವಿಟ್ಟು ಕೊಳ್ಳಬೇಡಿ. ಲಸಿಕೆಯನ್ನು 2ರಿಂದ 8 ಡಿಗ್ರಿ ತಂಪಿನಲ್ಲಿಡಬೇಕು. ಮಂಜುಗಡ್ಡೆಗೆ ನೇರವಾಗಿ ತಾಗಿ ಹೆಪ್ಪುಗಟ್ಟಿದರೂ ಕೆಡುತ್ತದೆ.

ತೀರಾ ಸಣ್ಣ ಮರಿಗಳನ್ನು ಲಸಿಕೆಯ ನೀರಿನಲ್ಲಿ ಅದ್ದಿ ತೆಗೆಯುವ, ಮೇವಿನಲ್ಲಿ ಬೆರೆಸುವ ವಿಧಾನಗಳೂ ಇವೆ. ಆದರೆ ಹೆಚ್ಚು ದಿನ ರಕ್ಷಣೆ ಸಿಗುವುದು ಚುಚ್ಚುಮದ್ದಿನಿಂದ. ಅದಕ್ಕೆ ಮರಿ ಹತ್ತು ಗ್ರಾಮಾದರೂ ತೂಗಬೇಕು.

ಹಿಂದಿನ ದಿನ ಮೇವು ನಿಲ್ಲಿಸಿ. ಹೊಟ್ಟೆ ತುಂಬಿದ ಮರಿಯ ಕರುಳಿಗೆ ಸೂಜಿ ತಾಗುವುದು ಸುಲಭ. ಬಿಸಿಲೇರುವ ಮುನ್ನ, ಬೆಳಗ್ಗೆ ಆರಕ್ಕೇ ಬಲೆ ಎಳೆದು ಮರಿಗಳನ್ನು ಹಾಪಾದಲ್ಲಿ, ಅಂದರೆ ನೀರಿನಲ್ಲಿ ಕಟ್ಟಿದ ಬಲೆಯ ತೊಟ್ಟಿಯಲ್ಲಿ, ಕೂಡಿಡಿ. ಮರಿಗೆ ಮಂಪರು ಬರಿಸಲು ಲವಂಗದ ಎಣ್ಣೆ ಸಾಕು. ಅದು ನೀರಿನಲ್ಲಿ ನೇರವಾಗಿ ಬೆರೆಯುವುದಿಲ್ಲ. ಒಂದು ಪಾಲು ಎಣ್ಣೆಯನ್ನು ಒಂಬತ್ತು ಪಾಲು ಆಲ್ಕೋಹಾಲಿನಲ್ಲಿ ಕರಗಿಸಿ ಟಬ್ಬಿಗೆ ಹಾಕಿದರೆ ನೀರು ಹಾಲಿನಂತೆ ಮಸುಕಾಗುತ್ತದೆ. ಮೊದಲು ಐದೇ ಮರಿ ಬಿಟ್ಟು ನೋಡಿ. ಮೈ ವಾಲಬೇಕು, ಬಾಲ ಹಿಡಿದರೆ ಒದ್ದಾಡಬಾರದು, ಕಿವಿರು ಮಾತ್ರ ಆಡುತ್ತಲೇ ಇರಬೇಕು. ಕಿವಿರು ನಿಧಾನವಾದರೆ ತಕ್ಷಣ ತಾಜಾ ನೀರಿಗೆ ಹಾಕಿ.

ಇನ್ನು ಚುಚ್ಚುವುದು. ಅಂಗೈ ಒದ್ದೆಯಿರಲಿ, ಒಣಗೈ ತಾಗಿದರೆ ಮೈಮೇಲಿನ ಲೋಳೆ ಕಿತ್ತು ಬರುತ್ತದೆ, ರೋಗಕ್ಕೆ ಅದೇ ಬಾಗಿಲು. ಮರಿಯನ್ನು ಹೊಟ್ಟೆ ಮೇಲಾಗಿ ಹಿಡಿಯಿರಿ. ಜಿಲೇಬಿಯಾದರೆ ಹೊಟ್ಟೆಯ ಜೋಡಿ ರೆಕ್ಕೆಗೂ ಗುದದ್ವಾರಕ್ಕೂ ನಡುವೆ, ನಟ್ಟನಡು ಗೆರೆಯಲ್ಲಿ, ಹುರುಪೆಯ ಸಂದಿನಿಂದ ಗಿಡ್ಡ ಸೂಜಿಯನ್ನು ಓರೆಯಾಗಿ ಇಳಿಸಿ. ಚರ್ಮ ದಾಟಿದ್ದು ಬೆರಳಿಗೆ ‘ಟಕ್’ ಎಂದು ತಿಳಿಯುತ್ತದೆ. ಅಲ್ಲಿಗೆ ನಿಲ್ಲಿಸಿ ಚೀಟಿಯಲ್ಲಿರುವ ಪ್ರಮಾಣ ಹಾಕಿ, ಸಾಮಾನ್ಯವಾಗಿ 0.05 ಅಥವಾ 0.1 ಮಿಲಿ ಇರುತ್ತದೆ. ಆ ‘ಟಕ್’ ನನ್ನ ಬೆರಳಿಗೆ ಸಿಗಲು ಬರೀ ಸಲೈನ್ ತುಂಬಿಕೊಂಡು ಒಂದು ಬೆಳಗು ಅಭ್ಯಾಸ ಮಾಡಬೇಕಾಯಿತು. ನೀವೂ ಹಾಗೆಯೇ ಕಲಿಯಿರಿ, ಬೆಲೆಯ ಲಸಿಕೆಯಿಂದಲ್ಲ. ಸೂಜಿ ಮೊಂಡಾದ ಕೂಡಲೇ ಬದಲಿಸಿ.

ಒಂದು ಮಾತು ಮರೆಯಬೇಡಿ. ಎಣ್ಣೆ ಬೆರೆತ ಲಸಿಕೆ ಅಕಸ್ಮಾತ್ ನಿಮ್ಮ ಬೆರಳಿಗೆ ಹೋದರೆ, ನೋವು ಕಡಿಮೆಯೆನಿಸಿದರೂ ಆಗಲೇ ಆಸ್ಪತ್ರೆಗೆ ಹೋಗಿ. ಚೀಟಿಯನ್ನು ವೈದ್ಯರಿಗೆ ತೋರಿಸಿ. ತಡಮಾಡಿದವರು ಬೆರಳು ಕಳೆದುಕೊಳ್ಳಬಹುದು.

ಚುಚ್ಚಿದ ಮರಿ ಗಾಳಿಯಾಡುವ ನೀರಿನಲ್ಲಿ ಕೆಲವೇ ನಿಮಿಷದಲ್ಲಿ ನೆಟ್ಟಗಾಗುತ್ತದೆ. ಮರುದಿನದಿಂದ ಸ್ವಲ್ಪ ಸ್ವಲ್ಪ ಮೇವು ಕೊಡಿ. ರೋಗನಿರೋಧಕ ಶಕ್ತಿ ಬರುವ ವೇಗ ನೀರಿನ ಬಿಸಿಯನ್ನು ಅವಲಂಬಿಸಿದೆ. ತಣ್ಣೀರಿನ ಸಾಲ್ಮನ್ ಸಾಕುವವರು ದಿನದ ಉಷ್ಣಾಂಶಗಳನ್ನು ಕೂಡಿಸುತ್ತ 500 ಆಗುವವರೆಗೆ ಕಾಯುತ್ತಾರೆ; 12 ಡಿಗ್ರಿಯ ನೀರಿನಲ್ಲಿ ಅದು ಸುಮಾರು ಆರು ವಾರ. ನಮ್ಮ ಬಿಸಿನೀರಿನ ಮೀನಿಗೆ ಎರಡು ಮೂರು ವಾರ ಎಂದಿಟ್ಟುಕೊಳ್ಳಿ.

ಆ ವಾರಗಳಲ್ಲಿ ಹೊಸ ಮರಿ ಬಿಡಬೇಡಿ, ಪಕ್ಕದವರ ಬಲೆ ಎರವಲು ತರಬೇಡಿ. ಮಳೆಗಾಲವಾದರೆ ನೀರು ಬರುವ, ಹೋಗುವ ದಾರಿಗೆ ಸಣ್ಣ ಕಣ್ಣಿನ ಜಾಲರಿ ಕಟ್ಟಿ. 89 ವರ್ಷಗಳ ಬಳಿಕ 2022ರಲ್ಲಿ ವಾಣಿವಿಲಾಸ ಸಾಗರ ಕೋಡಿ ಬಿದ್ದುದನ್ನು ಹಿರಿಯೂರಿನವರು ಕಣ್ಣಾರೆ ಕಂಡಿದ್ದಾರೆ. ಹಾಗೆ ಉಕ್ಕಿದ ನೀರಿನಲ್ಲಿ ಮೀನೂ ಹೋಗುತ್ತದೆ, ಮೀನಿನ ಜೊತೆ ರೋಗವೂ ಹೋಗುತ್ತದೆ.